ನಮ್ಮ ಸಾರ್ವಕಾಲಿಕ ಹನ್ನೊಂದು ಮತ್ತು ಒಂದು ಹೆಸರಿನ ಜಗಳ

ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ನಮ್ಮ ಬ್ರಾಂಚಿನಲ್ಲಿ ಕ್ರಿಕೆಟ್ ಮಾತು ಶುರುವಾಗದಿದ್ದರೆ ಅವತ್ತು ಯಾರಿಗೋ ಮೈ ಸರಿಯಿಲ್ಲ ಅಂತಲೇ ಅರ್ಥ. ನಮ್ಮ ಹೆಡ್ ಕ್ಯಾಷಿಯರ್ ಶಿವಾಜಿ ಪಾರ್ಕಿನ ಪಕ್ಕದಲ್ಲೇ ಹುಟ್ಟಿ ಬೆಳೆದವರು, ನಿವೃತ್ತಿಗೆ ಒಂದೂವರೆ ವರ್ಷ ಬಾಕಿ. ಒಂದು ದಿನ ಪೋಳಿ ಭಾಜಿ ಮುಗಿಸಿ, ವೋಚರ್‌ನ ಹಿಂಬದಿಯಲ್ಲಿ ಮುಂಬೈನ ಸಾರ್ವಕಾಲಿಕ ತಂಡ ಬರೆದು ನನ್ನ ಮುಂದಿಟ್ಟರು. ಗಾವಸ್ಕರ್, ಮರ್ಚೆಂಟ್, ವಾಡೇಕರ್, ತೆಂಡೂಲ್ಕರ್, ವೆಂಗ್‌ಸರ್ಕರ್, ಉಮ್ರಿಗರ್... ಬರೆಯುವುದಕ್ಕೆ ಅವರಿಗೆ ಮೂರು ನಿಮಿಷ ಸಾಕಾಯಿತು. "ಸಾಹೇಬ್, ಈಗ ನಿಮ್ಮ ಕರ್ನಾಟಕದ್ದು ಬರೀರಿ. ಪಂದ್ಯ ಐದು ದಿನ, ಮೈದಾನ ಯಾವುದಾದರೂ ಸರಿ" ಅಂದರು.

ನನಗೆ ಹತ್ತು ನಿಮಿಷ ಬೇಕಾಯಿತು. ಮೊದಲ ಪಟ್ಟಿಗೆ ಮಾತ್ರ. ಅದು ಸರಿಯಾದ ಪಟ್ಟಿ ಆಗುವುದಕ್ಕೆ ಹದಿನೈದು ದಿನವೇ ಹಿಡಿಯಿತು. ಆ ಹದಿನೈದು ದಿನದಲ್ಲಿ ನಾನು ಓದಿದ್ದು, ನೆನಪಿಸಿಕೊಂಡಿದ್ದು, ಮನೆಯಲ್ಲಿ ಬೈಸಿಕೊಂಡಿದ್ದು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಹನ್ನೊಂದು ಹೆಸರು ಬರೆಯುವುದು ಸುಲಭ ಅಂತ ತಿಳಿದಿದ್ದೆ. ಬರೆಯಲು ಕೂತಾಗ ಗೊತ್ತಾಯಿತು, ಅದು ಒಂದು ರಾಜ್ಯದ ಎಂಬತ್ತು ತೊಂಬತ್ತು ವರ್ಷದ ಲೆಕ್ಕ ಚುಕ್ತಾ ಮಾಡುವ ಕೆಲಸ ಅಂತ.

ಮೊದಲು ನಿಯಮ. ಮೈಸೂರು ಅಥವಾ ಕರ್ನಾಟಕದ ಪರ ರಣಜಿ ಆಡಿರಬೇಕು. ಇಲ್ಲಿ ಹುಟ್ಟಿ ಬೇರೆಲ್ಲೋ ಆಡಿದವರು ಬೇಡ. ಬೇರೆಲ್ಲೋ ಹುಟ್ಟಿ ಇಲ್ಲಿ ಆಡಿದವರು ನಮ್ಮವರೇ. ಇಲ್ಲದಿದ್ದರೆ ಇಂದೋರಿನಲ್ಲಿ ಹುಟ್ಟಿದ ರಾಹುಲ್ ದ್ರಾವಿಡ್, ಮದ್ರಾಸಿನಲ್ಲಿ ಹುಟ್ಟಿದ ಕಿರ್ಮಾನಿ, ಬರೋಡಾದಲ್ಲಿ ಹುಟ್ಟಿದ ಬ್ರಿಜೇಶ್ ಪಟೇಲ್ ಮೂವರೂ ಕೈಬಿಟ್ಟು ಹೋಗುತ್ತಾರೆ! ಊರು ಬಿಟ್ಟು ಮೂವತ್ತು ವರ್ಷವಾದ ನನ್ನಂಥವನು ಹುಟ್ಟಿದ ಊರಿನ ನಿಯಮ ಮಾಡಿದರೆ ನಗೆಪಾಟಲು.

ಈಗ ಇತಿಹಾಸ. ಅದು ಶುರುವಾಗುವುದೇ ಒಂದು ಅವಮಾನದಿಂದ. ಮೈಸೂರು ರಾಜ್ಯದ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1933ರಲ್ಲಿ. ಮರುವರ್ಷ, 1934ರ ನವೆಂಬರ್ 4ರಂದು, ರಣಜಿ ಟ್ರೋಫಿಯ ಇತಿಹಾಸದಲ್ಲೇ ಮೊಟ್ಟಮೊದಲ ಪಂದ್ಯ ಮದ್ರಾಸಿನ ಚೆಪಾಕ್ ಮೈದಾನದಲ್ಲಿ ನಡೆಯಿತು. ಮದ್ರಾಸಿನ ಎದುರು ಆಡಿದವರು ನಾವೇ. ಮೈಸೂರು ಮೊದಲ ಇನಿಂಗ್ಸ್ 48, ಎರಡನೆಯದು 59. ನಡುವೆ ಮದ್ರಾಸ್ ಹೊಡೆದಿದ್ದು ಕೇವಲ 130. ಅಷ್ಟಕ್ಕೇ ಇನಿಂಗ್ಸ್ ಮತ್ತು 23 ರನ್ ಸೋಲು, ಅದೂ ಒಂದೇ ದಿನದಲ್ಲಿ! ಎ.ಜಿ. ರಾಮ್ ಸಿಂಗ್ ಎಂಬ ಎಡಗೈ ಸ್ಪಿನ್ನರ್ ಎರಡೂ ಇನಿಂಗ್ಸ್ ಸೇರಿ 35 ರನ್ನಿಗೆ 11 ವಿಕೆಟ್ ಕಿತ್ತರು. ಅವತ್ತು ಬೆಳಿಗ್ಗೆ ಬಿಳಿ ಬಟ್ಟೆ ಹಾಕಿಕೊಂಡು ಇಳಿದ ಆ ಹನ್ನೊಂದು ಮಂದಿಯಲ್ಲಿ ಒಬ್ಬರೂ ನನ್ನ ತಂಡದಲ್ಲಿಲ್ಲ. ಆದರೆ ಖಾತೆ ತೆರೆದವರು ಅವರು.

1941-42ರಲ್ಲಿ ಮೈಸೂರು ಮೊದಲ ಬಾರಿ ಫೈನಲ್ ತಲುಪಿ ಬಾಂಬೆಗೆ ಇನಿಂಗ್ಸ್ ಅಂತರದಿಂದ ಸೋತಿತು. 1959-60ರಲ್ಲಿ ಮತ್ತೆ ಫೈನಲ್, ಮತ್ತೆ ಬಾಂಬೆ, ಮತ್ತೆ ಸೋಲು. ಆ ಕಾಲದವರಲ್ಲಿ ಬಿ.ಕೆ. ಗರುಡಾಚಾರ್ ಅವರ ಹೆಸರು ನನ್ನ ಪಟ್ಟಿಯ ಅಂಚಿಗೆ ಬಂದು ನಿಂತಿತ್ತು. ಬ್ಯಾಟಿಂಗ್ ಬೌಲಿಂಗ್ ಎರಡೂ ಬಲ್ಲವರು, 2016ರಲ್ಲಿ 99ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಆಟ ನೋಡಿದವರು ಈಗ ಎಷ್ಟು ಜನ ಉಳಿದಿದ್ದಾರೆ? ನೋಡದವರನ್ನು ಅಂಕಿಯಿಂದ ಅಳೆಯುವುದು, ಅಂಕಿಯೇ ಕಮ್ಮಿ ಇರುವವರನ್ನು ಬಿಟ್ಟುಬಿಡುವುದು... ಸಾರ್ವಕಾಲಿಕ ತಂಡ ಕಟ್ಟುವವರೆಲ್ಲ ಮಾಡುವ ಅನ್ಯಾಯ ಇದು. ನಾನೂ ಮಾಡಿದ್ದೇನೆ, ಒಪ್ಪಿಕೊಳ್ಳುತ್ತೇನೆ.

ಇನ್ನೊಂದು ಮಾತು. 1956ರ ಏಕೀಕರಣದ ಮೊದಲು ಮೈಸೂರು ಅಂದರೆ ಹಳೇ ಮೈಸೂರು ಮಾತ್ರ. ಗದಗ, ಹುಬ್ಬಳ್ಳಿ, ಧಾರವಾಡ ಬಾಂಬೆ ರಾಜ್ಯಕ್ಕೆ ಸೇರಿದ್ದವು. ಮಂಗಳೂರು, ಮುಲ್ಕಿ, ಪುತ್ತೂರು ಮದ್ರಾಸಿಗೆ. ಹಾಗಾಗಿ ಮೊದಲ ಇಪ್ಪತ್ತು ವರ್ಷ "ನಮ್ಮ ತಂಡ" ಅನ್ನುವುದರಲ್ಲಿ ಅರ್ಧ ಕರ್ನಾಟಕವೇ ಇರಲಿಲ್ಲ. ಈಗ ನನ್ನ ಪಟ್ಟಿಯ ಸುತ್ತಮುತ್ತ ಇರುವ ಗದಗಿನ ಸುನೀಲ್ ಜೋಶಿ, ಪುತ್ತೂರಿನ ರಘುರಾಮ್ ಭಟ್, ಮುಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್, ಸುರತ್ಕಲ್ಲಿನಲ್ಲಿ ಬೆಳೆದ ಕೆ.ಎಲ್. ರಾಹುಲ್, ಇವರೆಲ್ಲ ಏಕೀಕರಣದ ನಂತರ ನಮಗೆ ಸಿಕ್ಕ ಸಿರಿ. ನವೆಂಬರ್ ಒಂದರಂದು ಭಾಷಣ ಮಾಡುವವರು ಈ ಹೆಸರುಗಳನ್ನೂ ಒಮ್ಮೆ ಹೇಳಬಹುದು.

ಬಾಂಬೆಯ ವಿಷಯಕ್ಕೆ ಬರೋಣ. 1958-59ರಿಂದ 1972-73ರವರೆಗೆ ಸತತ ಹದಿನೈದು ವರ್ಷ ರಣಜಿ ಟ್ರೋಫಿ ಬಾಂಬೆಯ ಕಪಾಟಿನಿಂದ ಹೊರಗೆ ಬರಲಿಲ್ಲ. ಹದಿನೈದು ವರ್ಷ! ಆ ಅವಧಿಯಲ್ಲಿ ಹುಟ್ಟಿದ ಮಗು ಹೈಸ್ಕೂಲು ಮುಗಿಸುವ ಹೊತ್ತಾಗುತ್ತದೆ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಆ ಸಾಲಿನಲ್ಲೇ, ಹೊಸ ಹೆಸರು ಹೊತ್ತ ಮೊದಲ ವರ್ಷವೇ, ಬೆಂಗಳೂರಿನಲ್ಲಿ ಸೆಮಿಫೈನಲ್. ಎದುರಿಗೆ ವಾಡೇಕರ್ ನಾಯಕತ್ವದ ಬಾಂಬೆ.

ನನಗಾಗ ನಾಲ್ಕು ವರ್ಷ. ಹಾಗಾಗಿ ನೆನಪು ನನ್ನದಲ್ಲ, ಅಪ್ಪನದು. ಶಿವಮೊಗ್ಗದಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದ ಅಪ್ಪ ಆ ಪಂದ್ಯದ ಕತೆಯನ್ನು ಎಷ್ಟು ಸಲ ಹೇಳಿದ್ದಾರೆಂದರೆ ನಾನೇ ಕೂತು ನೋಡಿದ ಹಾಗಾಗಿದೆ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ಕರ್ನಾಟಕ 385. ಬಾಂಬೆಗೆ ಅದೇನು ದೊಡ್ಡ ಮೊತ್ತವಲ್ಲ. ಆದರೆ ಪ್ರಸನ್ನ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದರು. ಚೆನ್ನಾಗಿ ಆಡುತ್ತಿದ್ದ ವಾಡೇಕರ್ ಓಡುವಾಗ ಜಾರಿ ರನ್ ಔಟ್ ಆದರು. ಬಾಂಬೆ 307ಕ್ಕೆ ಮುಗಿಯಿತು. ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಕರ್ನಾಟಕ ಫೈನಲ್ಲಿಗೆ, ಅಲ್ಲಿಂದ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ರಣಜಿ. "ಅವತ್ತು ಸ್ಕೂಲಿನಲ್ಲಿ ಪಾಠ ಮಾಡ್ಲಿಲ್ಲ ಕಣೋ, ಮಕ್ಕಳಿಗೆ ಸ್ಕೋರ್ ಬರೆಸಿದೆ" ಅನ್ನುತ್ತಿದ್ದರು ಅಪ್ಪ.

ಹೀಗಾಗಿ 1974ರ ಈ ತಂಡದಿಂದ ಐವರು ಯಾವ ಚರ್ಚೆಯೂ ಇಲ್ಲದೆ ನನ್ನ ಪಟ್ಟಿಗೆ ಬಂದರು. ವಿಶ್ವನಾಥ್, ಬ್ರಿಜೇಶ್, ಕಿರ್ಮಾನಿ, ಪ್ರಸನ್ನ, ಚಂದ್ರಶೇಖರ್.

ನಾಲ್ಕನೇ ಕ್ರಮಾಂಕ ಗುಂಡಪ್ಪ ವಿಶ್ವನಾಥ್ ಅವರದು. ಭದ್ರಾವತಿಯಲ್ಲಿ ಹುಟ್ಟಿದವರು, ನಮ್ಮ ಜಿಲ್ಲೆಯವರು ಅನ್ನುವ ಪಕ್ಷಪಾತ ಇಲ್ಲವೆಂದರೆ ಸುಳ್ಳಾಗುತ್ತದೆ. ರಣಜಿಯ ಮೊದಲ ಪಂದ್ಯದಲ್ಲಿ ಆಂಧ್ರದ ವಿರುದ್ಧ 230. ಟೆಸ್ಟಿನ ಮೊದಲ ಪಂದ್ಯದಲ್ಲಿ, 1969ರ ಕಾನ್ಪುರದಲ್ಲಿ, ಸೊನ್ನೆ ಮತ್ತು 137. ಒಟ್ಟು 91 ಟೆಸ್ಟ್, 6080 ರನ್, 14 ಶತಕ. 1977-78ರ ರಣಜಿ ಫೈನಲ್ಲಿನಲ್ಲಿ ಉತ್ತರ ಪ್ರದೇಶದ ವಿರುದ್ಧ 247. ಸ್ಟೇಟ್ ಬ್ಯಾಂಕಿನ ನೌಕರರು ಕೂಡ. ಆ ಕಾಲದಲ್ಲಿ ಆಟಗಾರರಿಗೆ ಅನ್ನ ಕೊಟ್ಟದ್ದು ಬ್ಯಾಂಕುಗಳೇ ಅನ್ನುವುದನ್ನು ನಮ್ಮ ಇಲಾಖೆಯ ಪರವಾಗಿ ದಾಖಲಿಸುತ್ತೇನೆ.

ಮೂರನೇ ಕ್ರಮಾಂಕಕ್ಕೆ ದ್ರಾವಿಡ್. 164 ಟೆಸ್ಟ್, 13288 ರನ್, 36 ಶತಕ, 210 ಕ್ಯಾಚ್. ಇಲ್ಲಿ ವಾದವೇ ಇಲ್ಲ, ಮುಂದೆ ಹೋಗೋಣ. ಒಂದೇ ಒಂದು ಮಾತು. 1995-96ರ ರಣಜಿ ಫೈನಲ್ಲಿನಲ್ಲಿ ತಮಿಳುನಾಡಿನ ವಿರುದ್ಧ ಅವರು ಶತಕ ಹೊಡೆದರು, ಅನಿಲ್ ಕುಂಬ್ಳೆ ನಾಯಕತ್ವದಲ್ಲಿ ನಾವು ಗೆದ್ದೆವು. ಪಂದ್ಯ ನಡೆದದ್ದು ಚೆಪಾಕಿನಲ್ಲಿ. 1934ರಲ್ಲಿ ಒಂದೇ ದಿನಕ್ಕೆ ಗಂಟು ಮೂಟೆ ಕಟ್ಟಿದ್ದ ಅದೇ ಚೆಪಾಕಿನಲ್ಲಿ ಈ ಸಲ ನಮ್ಮ ಮೊದಲ ಇನಿಂಗ್ಸ್ ಮೊತ್ತ 620! ಬಡ್ಡಿ ಸಮೇತ ಸಾಲ ತೀರಿದ್ದು ಅಂದರೆ ಇದು.

ಐದನೆಯವರು ಬ್ರಿಜೇಶ್ ಪಟೇಲ್. ಟೆಸ್ಟ್ ಆಡಿದ್ದು 21 ಮಾತ್ರ. ಆದರೆ ಪ್ರಥಮ ದರ್ಜೆ ಕ್ರಿಕೆಟ್ಟಿನಲ್ಲಿ 37 ಶತಕ. ಟೆಸ್ಟ್ ಲೆಕ್ಕ ಮಾತ್ರ ನೋಡುವವರಿಗೆ ಈ ಹೆಸರು ಚಿಕ್ಕದು. 1982-83ರಲ್ಲಿ ಇದೇ ವಾಂಖೆಡೆಯಲ್ಲಿ ಬಾಂಬೆಯನ್ನು ಮೊದಲ ಇನಿಂಗ್ಸ್ ಮುನ್ನಡೆಯಿಂದ ಸೋಲಿಸಿ ಟ್ರೋಫಿ ಎತ್ತಿದ ನಾಯಕ ಇವರೇ. ಈ ಮಾತನ್ನು ನಮ್ಮ ಕ್ಯಾಷಿಯರ್‌ಗೆ ಎರಡು ಸಲ ಹೇಳಿದೆ.

ವಿಕೆಟ್ ಹಿಂದೆ ಕಿರ್ಮಾನಿ. 88 ಟೆಸ್ಟ್, 160 ಕ್ಯಾಚ್, 38 ಸ್ಟಂಪಿಂಗ್. ಬೇಡಿ, ಪ್ರಸನ್ನ, ಚಂದ್ರ, ವೆಂಕಟ್ ಇವರೆಲ್ಲರ ಬೌಲಿಂಗಿಗೆ ನಿಂತವರು. ಬ್ಯಾಟಿಂಗಿನಲ್ಲಿ ಎರಡು ಟೆಸ್ಟ್ ಶತಕ. 1983ರ ವಿಶ್ವಕಪ್ಪಿನಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ 175 ಹೊಡೆದಾಗ ಇನ್ನೊಂದು ತುದಿಯಲ್ಲಿ 24 ರನ್ ಮಾಡಿ ನಿಂತವರೂ ಇವರೇ. ಒಂಬತ್ತನೇ ವಿಕೆಟ್ಟಿಗೆ ಮುರಿಯದ 126.

ಆರಂಭಿಕರ ವಿಷಯ ಬಂದಾಗ ಮಾತ್ರ ನನ್ನ ಪೆನ್ನು ನಿಂತಿತು. ನಮ್ಮ ಲೆಡ್ಜರಿನಲ್ಲಿ ಇದೊಂದು ಬಡವಾದ ಕಾಲಂ. ಮಧ್ಯಮ ಕ್ರಮಾಂಕಕ್ಕೆ ಸಾಲುಗಟ್ಟಿ ನಿಂತಿದ್ದಾರೆ, ಸ್ಪಿನ್ನರುಗಳಿಗೆ ಜಾಗವಿಲ್ಲ, ಆದರೆ ರಾಹುಲ್ ಬರುವವರೆಗೆ ಭಾರತಕ್ಕೆ ದೀರ್ಘಕಾಲ ಆಡಿದ ಕರ್ನಾಟಕದ ಆರಂಭಿಕ ಆಟಗಾರ ಒಬ್ಬರೂ ಇರಲಿಲ್ಲ. ಗಾವಸ್ಕರ್ ಮತ್ತು ಮರ್ಚೆಂಟ್ ಅಂತ ಬರೆದಿಟ್ಟ ಎದುರಾಳಿಯ ಮುಂದೆ ಏನು ಬರೆಯುವುದು?

ಒಂದು ತುದಿಗೆ ಕೆ.ಎಲ್. ರಾಹುಲ್. 2015ರ ಜನವರಿಯಲ್ಲಿ ಉತ್ತರ ಪ್ರದೇಶದ ವಿರುದ್ಧ 337, ಕರ್ನಾಟಕದವರೊಬ್ಬರು ರಣಜಿಯಲ್ಲಿ ಹೊಡೆದ ಮೊದಲ ತ್ರಿಶತಕ. ಎಂಬತ್ತು ವರ್ಷ ಕಾಯಬೇಕಾಯಿತು ಅದಕ್ಕೆ! ಇನ್ನೊಂದು ತುದಿಗೆ ರೋಜರ್ ಬಿನ್ನಿ. ಬಿನ್ನಿ ಅಂದರೆ ಎಲ್ಲರಿಗೂ 1983ರ ವಿಶ್ವಕಪ್ಪಿನ 18 ವಿಕೆಟ್ ನೆನಪಾಗುತ್ತದೆ. ಅವರು ರಣಜಿಯಲ್ಲಿ ಆರಂಭಿಕರಾಗಿದ್ದರು ಅನ್ನುವುದು ಅನೇಕರಿಗೆ ಮರೆತಿದೆ. 1977-78ರಲ್ಲಿ ಚಿಕ್ಕಮಗಳೂರಿನಲ್ಲಿ ಕೇರಳದ ವಿರುದ್ಧ ಬಿನ್ನಿ ಮತ್ತು ಸಂಜಯ್ ದೇಸಾಯಿ ವಿಕೆಟ್ ನಷ್ಟವಿಲ್ಲದೆ 451 ರನ್ ಸೇರಿಸಿ ಡಿಕ್ಲೇರ್ ಮಾಡಿದರು. ಬಿನ್ನಿ 211, ದೇಸಾಯಿ 218, ಇಬ್ಬರೂ ಅಜೇಯ. ಬಿನ್ನಿಯನ್ನು ಮೇಲೆ ಕಳಿಸಿದರೆ ಒಬ್ಬ ವೇಗದ ಬೌಲರ್ ಪುಕ್ಕಟೆ ಸಿಕ್ಕ ಹಾಗೆ. ಆಡಳಿತದ ಭಾಷೆಯಲ್ಲಿ, ಒಂದು ಸಂಬಳಕ್ಕೆ ಎರಡು ಕೆಲಸ.

ಸ್ಪಿನ್ನರುಗಳಲ್ಲಿ ಕಷ್ಟ ಉಲ್ಟಾ. ಯಾರನ್ನು ಬಿಡುವುದು? ಅನಿಲ್ ಕುಂಬ್ಳೆ 619 ಟೆಸ್ಟ್ ವಿಕೆಟ್. ಚಂದ್ರಶೇಖರ್ 242. ಪ್ರಸನ್ನ 189. ಕೂಡಿದರೆ ಸರಿಯಾಗಿ 1050! ಒಂದು ರಾಜ್ಯದ ಮೂವರು ಸ್ಪಿನ್ನರುಗಳು.

ಪ್ರಸನ್ನ 1962ರಲ್ಲಿ ಟೆಸ್ಟ್ ಆಡಿ, ವೆಸ್ಟ್ ಇಂಡೀಸ್ ಪ್ರವಾಸವನ್ನೂ ಮುಗಿಸಿ, ನಂತರ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದು ಪೂರೈಸಲು ಸುಮಾರು ಐದು ವರ್ಷ ಟೆಸ್ಟ್ ಕ್ರಿಕೆಟ್ಟಿನಿಂದ ದೂರ ಉಳಿದವರು. ಆಮೇಲೆ ವಾಪಸ್ ಬಂದು 189 ವಿಕೆಟ್. ಬಿಟ್ಟ ಐದು ವರ್ಷ ಸೇರಿಸಿದರೆ ಎಷ್ಟಾಗುತ್ತಿತ್ತೋ! ಚಂದ್ರಶೇಖರ್ ಅವರ ಬಲಗೈ ಬಾಲ್ಯದಲ್ಲೇ ಪೋಲಿಯೋಗೆ ತುತ್ತಾಗಿತ್ತು. ಫೀಲ್ಡಿಂಗಿನಲ್ಲಿ ಎಡಗೈಯಿಂದ ಎಸೆಯುತ್ತಿದ್ದರು, ಬೌಲಿಂಗ್ ಮಾತ್ರ ಅದೇ ಸೊರಗಿದ ಬಲಗೈಯಿಂದ. 1971ರ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್, ಇಂಗ್ಲೆಂಡ್ 101ಕ್ಕೆ ಆಲ್‌ಔಟ್, ಇಂಗ್ಲೆಂಡಿನಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು. ಬ್ಯಾಟಿಂಗಿನಲ್ಲಿ ಜೀವಮಾನದ ಟೆಸ್ಟ್ ರನ್ 167, ವಿಕೆಟ್ಟಿಗಿಂತ ಕಮ್ಮಿ. ಹನ್ನೊಂದನೇ ಕ್ರಮಾಂಕ ಅವರಿಗೆ ಖಾಯಂ ಹುದ್ದೆ. ಕುಂಬ್ಳೆ ಬಗ್ಗೆ ಏನು ಹೇಳಲಿ? 1999ರ ದೆಹಲಿಯ ಹತ್ತು ವಿಕೆಟ್, 2002ರ ಆಂಟಿಗಾದಲ್ಲಿ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು ಲಾರಾ ಅವರನ್ನು ಔಟ್ ಮಾಡಿದ್ದು, 2007ರ ಓವಲ್‌ನಲ್ಲಿ ಅಜೇಯ 110. ಈ ಶತಕದ ಆಧಾರದ ಮೇಲೆ ಅವರನ್ನು ಏಳನೇ ಕ್ರಮಾಂಕಕ್ಕೆ ಬಡ್ತಿ ಕೊಟ್ಟಿದ್ದೇನೆ.

ಈ ಮೂವರ ಕಾರಣಕ್ಕೆ ಹೊರಗುಳಿದವರನ್ನು ನೋಡಿ. ಸುನೀಲ್ ಜೋಶಿ, ಪ್ರಥಮ ದರ್ಜೆಯಲ್ಲಿ 600ಕ್ಕೂ ಹೆಚ್ಚು ವಿಕೆಟ್, 5000ಕ್ಕೂ ಹೆಚ್ಚು ರನ್. ರಘುರಾಮ್ ಭಟ್, 1981-82ರ ಸೆಮಿಫೈನಲ್ಲಿನಲ್ಲಿ ಬಾಂಬೆಯ ವಿರುದ್ಧ ಹ್ಯಾಟ್ರಿಕ್ ಸೇರಿ 123ಕ್ಕೆ 8 ವಿಕೆಟ್. ಆ ಪಂದ್ಯದ ಎರಡನೇ ಇನಿಂಗ್ಸಿನಲ್ಲೇ ಗಾವಸ್ಕರ್ ಭಟ್ಟರ ತಿರುವು ತಾಳಲಾರದೆ ಎಡಗೈ ಬ್ಯಾಟ್ಸ್‌ಮನ್ ಆಗಿ ನಿಂತದ್ದು! ನನಗಾಗ ಹನ್ನೆರಡು ವರ್ಷ. ಮರುದಿನ ಪೇಪರಿನಲ್ಲಿ ಓದಿ ನಮ್ಮ ಕೇರಿಯ ಹುಡುಗರೆಲ್ಲ ಒಂದು ವಾರ ಎಡಗೈಯಲ್ಲೇ ಆಡಿದೆವು, ಒಬ್ಬನೂ ಎರಡಂಕಿ ದಾಟಲಿಲ್ಲ. ಬೇರೆ ಯಾವುದೇ ರಾಜ್ಯದಲ್ಲಿದ್ದರೂ ಇವರಿಬ್ಬರಿಗೆ ಕರೆದು ಜಾಗ ಕೊಡುತ್ತಿದ್ದರು. ನಮ್ಮಲ್ಲಿ ಬೆಂಚು.

ವೇಗದ ಬೌಲರುಗಳಲ್ಲಿ ಮೊದಲ ಹೆಸರು ಮೈಸೂರಿನ ಜಾವಗಲ್ ಶ್ರೀನಾಥ್. 67 ಟೆಸ್ಟ್, 236 ವಿಕೆಟ್. ಹೈದರಾಬಾದಿನ ವಿರುದ್ಧ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್. ಕುಂಬ್ಳೆಗೆ ಹತ್ತನೇ ವಿಕೆಟ್ ಸಿಗಲಿ ಅಂತ ದೆಹಲಿಯಲ್ಲಿ ಬೇಕೆಂದೇ ಹೊರಗೆ ಹೊರಗೆ ಎಸೆದದ್ದು ಅಂಕಿ ಅಂಶದ ಪುಸ್ತಕದಲ್ಲಿ ಬರುವುದಿಲ್ಲ. ಜೊತೆಗೆ ವೆಂಕಟೇಶ್ ಪ್ರಸಾದ್, 33 ಟೆಸ್ಟ್, 96 ವಿಕೆಟ್. 1996ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಆಮೀರ್ ಸೊಹೈಲ್‌ನ ಸ್ಟಂಪ್ ಹಾರಿಸಿದವರು. ಅಲ್ಲಿಗೆ ಹನ್ನೊಂದು ಮುಗಿಯಿತು.

ರಾಹುಲ್, ಬಿನ್ನಿ, ದ್ರಾವಿಡ್, ವಿಶ್ವನಾಥ್, ಬ್ರಿಜೇಶ್, ಕಿರ್ಮಾನಿ, ಕುಂಬ್ಳೆ, ಶ್ರೀನಾಥ್, ಪ್ರಸಾದ್, ಪ್ರಸನ್ನ, ಚಂದ್ರ. ಹನ್ನೊಂದಕ್ಕೆ ಹನ್ನೊಂದೂ ಟೆಸ್ಟ್ ಆಟಗಾರರು. ರಾತ್ರಿ ಊಟಕ್ಕೆ ಕೂತಾಗ ಹೆಮ್ಮೆಯಿಂದ ಮಗನಿಗೆ ತೋರಿಸಿದೆ. ಅವನು ಹುಟ್ಟಿದ್ದು ಬೆಳೆದದ್ದು ಇಲ್ಲೇ, ಮನೆಯಲ್ಲಿ ಕನ್ನಡ, ಕೆಳಗಿಳಿದರೆ ಮರಾಠಿ. ಪಟ್ಟಿ ನೋಡಿ ಕೇಳಿದ, "ಅಪ್ಪಾ, ಇದು ಭಾರತಕ್ಕೆ ಚೆನ್ನಾಗಿ ಆಡಿದ ಕರ್ನಾಟಕದವರ ಪಟ್ಟಿ. ಕರ್ನಾಟಕಕ್ಕೆ ಆಡಿದವರ ಪಟ್ಟಿ ಎಲ್ಲಿ?"

ಅನ್ನ ಕಲಸುತ್ತಿದ್ದ ಕೈ ಹಾಗೇ ನಿಂತಿತು. ಹುಡುಗ ಹೇಳಿದ್ದು ಸರಿ.

ಆಮೇಲೆ ಕೂತು ಲೆಕ್ಕ ಹಾಕಿದೆ. 2015ರವರೆಗೆ ಕರ್ನಾಟಕ ಗೆದ್ದ ರಣಜಿ ಎಂಟು. 1973-74, 77-78, 82-83, 95-96, 97-98, 98-99, 2013-14, 2014-15. ಮೊದಲ ಮೂರರಲ್ಲಿ ದೊಡ್ಡ ಹೆಸರಿನವರೇ ಹೆಗಲು ಕೊಟ್ಟವರು. ಆ ಕಾಲದಲ್ಲಿ ಭಾರತ ತಂಡಕ್ಕೆ ಪಂದ್ಯಗಳೇ ಕಮ್ಮಿ, ಟೆಸ್ಟ್ ಆಟಗಾರರು ರಾಜ್ಯಕ್ಕೆ ಸಿಗುತ್ತಿದ್ದರು. ತೊಂಬತ್ತರ ನಂತರ ಚಿತ್ರ ಬದಲಾಯಿತು. ಒಂದು ದಿನದ ಪಂದ್ಯಗಳು ಹೆಚ್ಚಾದ ಹಾಗೆಲ್ಲ ದ್ರಾವಿಡ್, ಕುಂಬ್ಳೆ, ಶ್ರೀನಾಥ್, ಪ್ರಸಾದ್ ವರ್ಷದ ಬಹುಪಾಲು ಭಾರತದ ಕೆಲಸದ ಮೇಲೆ ಹೊರಗೆ. 1999ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಮಧ್ಯಪ್ರದೇಶದ ವಿರುದ್ಧ ಫೈನಲ್ ನಡೆದಾಗ ಈ ನಾಲ್ವರೂ ಇರಲಿಲ್ಲ. ಕೊನೆಯ ದಿನ ಮಧ್ಯಪ್ರದೇಶ ಪಂದ್ಯ ಉಳಿಸಿಕೊಂಡಿದ್ದರೆ ಟ್ರೋಫಿ ಅವರದು. 24 ರನ್ನಿಗೆ 6 ವಿಕೆಟ್ ಕಿತ್ತು ಗೆಲ್ಲಿಸಿದವರು ವಿಜಯ್ ಭಾರದ್ವಾಜ್. ಮೂಲತಃ ಬ್ಯಾಟ್ಸ್‌ಮನ್, ಕನ್ನಡಕ ಹಾಕಿಕೊಂಡು ಆಡುತ್ತಿದ್ದವರು. ಟೆಸ್ಟ್ ಲೆಕ್ಕದ ನನ್ನ ಪಟ್ಟಿಯ ಹತ್ತಿರಕ್ಕೂ ಅವರು ಸುಳಿದಿರಲಿಲ್ಲ.

ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಳೆದವನಿಗೆ ಇದು ಹೊಳೆಯಬೇಕಿತ್ತು. ವಾರ್ಷಿಕ ವರದಿಯಲ್ಲಿ ಹೆಡ್ ಆಫೀಸಿನ ದೊಡ್ಡವರ ಫೋಟೋ ಬರುತ್ತದೆ. ಬೆಳಿಗ್ಗೆ ಬಂದು ಶಟರ್ ಎತ್ತಿ, ಸಂಜೆ ಕ್ಯಾಷ್ ತಾಳೆ ಮಾಡಿ ಬೀಗ ಹಾಕುವವನ ಫೋಟೋ ಎಲ್ಲೂ ಬರುವುದಿಲ್ಲ. ಬ್ರಾಂಚು ನಡೆಯುವುದು ಅವನಿಂದ.

ಕರ್ನಾಟಕದ ಬ್ರಾಂಚಿನಲ್ಲಿ ಶಟರ್ ಎತ್ತಿದವನು ಯಾರು? ಯೋಚಿಸಿದಷ್ಟೂ ಒಂದೇ ಹೆಸರು. ದಾವಣಗೆರೆಯ ಆರ್. ವಿನಯ್ ಕುಮಾರ್.

ಟೆಸ್ಟ್ ಲೆಕ್ಕದಲ್ಲಿ ವಿನಯ್ ಕುಮಾರ್ ಬಗ್ಗೆ ಒಂದೇ ಸಾಲು. 2012ರ ಜನವರಿ, ಪರ್ತ್, 73 ರನ್ನಿಗೆ 1 ವಿಕೆಟ್. ಅಷ್ಟೇ. ಅದೇ ಮೊದಲ ಟೆಸ್ಟ್, ಅದೇ ಕೊನೆಯದು. ವೇಗ ಸಾಲದು ಅಂತ ನಕ್ಕವರೇ ಹೆಚ್ಚು. ಆದರೆ ಪ್ರಥಮ ದರ್ಜೆಯಲ್ಲಿ 500ಕ್ಕೂ ಮೀರಿ ವಿಕೆಟ್, ಅದರಲ್ಲಿ 400ಕ್ಕೂ ಹೆಚ್ಚು ರಣಜಿಯಲ್ಲೇ. ಇಡೀ ದಿನ, ಇಡೀ ವರ್ಷ, ಖಾಲಿ ಸ್ಟೇಡಿಯಮ್ಮುಗಳಲ್ಲಿ.

ಅವರ ಪಾಲಿಗೆ ಒಂದು ದೊಡ್ಡ ನೋವೂ ಇದೆ, ನನ್ನದೂ ಅದೇ ನೋವು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಮುಂಬೈ ವಿರುದ್ಧ ಫೈನಲ್. ಗೆಲ್ಲಲು 338 ಬೇಕು. ಮನೀಶ್ ಪಾಂಡೆ 144 ಹೊಡೆದರು. ನಾನು ಕೌಂಟರಿನಲ್ಲಿ ಕೂತು ಊರಿನ ಗೆಳೆಯನಿಗೆ ಹತ್ತು ನಿಮಿಷಕ್ಕೊಮ್ಮೆ ಫೋನು ಮಾಡುತ್ತಿದ್ದೆ. 331ಕ್ಕೆ ಆಲ್‌ಔಟ್. ಆರು ರನ್ ಸೋಲು. ಅವತ್ತು ಬ್ರಾಂಚಿನಲ್ಲಿ ಪೇಡೆ ಹಂಚಿದರು, ನನಗೂ ಕೊಟ್ಟರು. ತಿಂದೆ. ಏನು ಮಾಡುವುದು, ಸಹೋದ್ಯೋಗಿಗಳು ಪ್ರೀತಿಯಿಂದ ಕೊಟ್ಟದ್ದು. ಆದರೆ ಆ ಪೇಡೆ ಗಂಟಲಲ್ಲಿ ಇಳಿದ ರೀತಿ ಇವತ್ತಿಗೂ ನೆನಪಿದೆ.

ಆ ಸೋಲನ್ನು ಕಂಡ ತಂಡದಲ್ಲಿದ್ದ ವಿನಯ್ ಮುಂದೆ ನಾಯಕರಾದರು. 2013-14ರಲ್ಲಿ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ, ಹದಿನೈದು ವರ್ಷದ ನಂತರ ಟ್ರೋಫಿ. ಮರುವರ್ಷ ಫೈನಲ್ ನಡೆದದ್ದು ನಮ್ಮ ಮುಂಬೈನ ವಾಂಖೆಡೆಯಲ್ಲೇ, ತಮಿಳುನಾಡಿನ ಎದುರು. 2015ರ ಮಾರ್ಚ್ 8, ಭಾನುವಾರ. ರಜೆ ಕೇಳುವ ಕಷ್ಟವಿರಲಿಲ್ಲ. ಮಗನನ್ನು ಕರೆದುಕೊಂಡು ಚರ್ಚ್‌ಗೇಟಿನಲ್ಲಿ ಇಳಿದು ಹೋದೆ. ಸ್ಟೇಡಿಯಂ ಹೆಚ್ಚುಕಮ್ಮಿ ಖಾಲಿ. ಅಲ್ಲಲ್ಲಿ ಕನ್ನಡದ ಮಾತು ಕೇಳಿಸುತ್ತಿತ್ತು, ಗುರುತಿಲ್ಲದವರೂ ಒಬ್ಬರಿಗೊಬ್ಬರು ಚಕ್ಕುಲಿ ಹಂಚಿಕೊಂಡೆವು. ವಿನಯ್ ಕುಮಾರ್ 34 ರನ್ನಿಗೆ 5 ವಿಕೆಟ್, ತಮಿಳುನಾಡು 134ಕ್ಕೆ ಮುಗಿಯಿತು. ಅಲ್ಲಿಂದ ನಾವೂ 84ಕ್ಕೆ 5 ವಿಕೆಟ್ ಕಳೆದುಕೊಂಡಾಗ "ಮತ್ತೆ ಶುರುವಾಯ್ತಪ್ಪಾ" ಅಂದುಕೊಂಡೆ. ಆಮೇಲೆ ಕರುಣ್ ನಾಯರ್ ಮತ್ತು ರಾಹುಲ್ 386 ರನ್ ಸೇರಿಸಿದರು. ಕರುಣ್ 328, ರಣಜಿ ಫೈನಲ್ಲಿನ ಇತಿಹಾಸದಲ್ಲೇ ಅತಿ ಹೆಚ್ಚು. ರಾಹುಲ್ 188. ಕೆಳಗೆ ಬಂದ ನಾಯಕ ವಿನಯ್ ಅಜೇಯ 105. ಒಟ್ಟು 762. ಇನಿಂಗ್ಸ್ ಮತ್ತು 217 ರನ್ ಗೆಲುವು.

ಒಂದೇ ಫೈನಲ್ಲಿನಲ್ಲಿ ಐದು ವಿಕೆಟ್, ಶತಕ, ನಾಯಕತ್ವ, ಟ್ರೋಫಿ. ಇಷ್ಟು ಮಾಡಿದವನಿಗೆ ಕರ್ನಾಟಕದ ಸಾರ್ವಕಾಲಿಕ ತಂಡದಲ್ಲಿ ಜಾಗವಿಲ್ಲ ಅಂದರೆ ಆ ತಂಡಕ್ಕೆ ಬೇರೆ ಹೆಸರಿಡಬೇಕು.

ಹಾಗಾಗಿ ವೆಂಕಟೇಶ್ ಪ್ರಸಾದ್ ಅವರ ಹೆಸರಿನ ಮೇಲೆ ಗೆರೆ ಎಳೆದೆ. ಕೈ ನಡುಗಿತು ಅಂದರೆ ಉತ್ಪ್ರೇಕ್ಷೆ, ಆದರೆ ಎರಡು ದಿನ ತಡಮಾಡಿದ್ದು ನಿಜ. 96 ಟೆಸ್ಟ್ ವಿಕೆಟ್ಟಿನ ಎದುರು 1 ವಿಕೆಟ್. ಯಾವ ಆಡಿಟರೂ ಒಪ್ಪದ ಎಂಟ್ರಿ. ಆದರೆ ನಾನು ಬರೆಯುತ್ತಿರುವುದು ಭಾರತದ ಲೆಡ್ಜರ್ ಅಲ್ಲ.

ನಾಯಕ ಯಾರು? ಪ್ರಸನ್ನ ಎರಡು ಸಲ ಟ್ರೋಫಿ ಗೆದ್ದವರು, ವಿನಯ್ ಕೂಡ ಎರಡು ಸಲ. ಕುಂಬ್ಳೆ, ದ್ರಾವಿಡ್, ವಿಶ್ವನಾಥ್ ಮೂವರೂ ಭಾರತದ ನಾಯಕರಾಗಿದ್ದವರು. ಈ ಸ್ಥಾನ ಪ್ರಸನ್ನ ಅವರಿಗೇ. ವಿನಯ್ ಗೆದ್ದಾಗ ಕರ್ನಾಟಕ ಗೆಲ್ಲಬಲ್ಲದು ಅಂತ ಎಲ್ಲರಿಗೂ ಗೊತ್ತಿತ್ತು. 1974ರಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.

ಕೊನೆಯ ಪಟ್ಟಿ ಹೀಗೆ. ಕೆ.ಎಲ್. ರಾಹುಲ್, ರೋಜರ್ ಬಿನ್ನಿ, ರಾಹುಲ್ ದ್ರಾವಿಡ್, ಜಿ.ಆರ್. ವಿಶ್ವನಾಥ್, ಬ್ರಿಜೇಶ್ ಪಟೇಲ್, ಸಯ್ಯದ್ ಕಿರ್ಮಾನಿ, ಅನಿಲ್ ಕುಂಬ್ಳೆ, ಆರ್. ವಿನಯ್ ಕುಮಾರ್, ಜಾವಗಲ್ ಶ್ರೀನಾಥ್, ಎರಪಳ್ಳಿ ಪ್ರಸನ್ನ (ನಾಯಕ), ಬಿ.ಎಸ್. ಚಂದ್ರಶೇಖರ್. ಬೆಂಚಿನಲ್ಲಿ ಸುನೀಲ್ ಜೋಶಿ, ಕರುಣ್ ನಾಯರ್, ವಿಜಯ್ ಭಾರದ್ವಾಜ್. ಹನ್ನೆರಡನೆಯವನ ಜಾಗ ಖಾಲಿ ಬಿಟ್ಟಿದ್ದೆ.

ಕ್ಯಾಷಿಯರ್ ಪಟ್ಟಿ ಓದಿದರು. ಕನ್ನಡಕ ಮೇಲೇರಿಸಿ ಎಂಟನೇ ಹೆಸರಿನ ಮೇಲೆ ಬೆರಳಿಟ್ಟರು. "ಸಾಹೇಬ್, ಇವನು ಆಡಿದ್ದು ಒಂದೇ ಟೆಸ್ಟ್ ಅಲ್ಲವಾ?" ನಾನು ಗಂಗೋತ್ರಿಯ ಆರು ರನ್ನಿನಿಂದ ವಾಂಖೆಡೆಯ ಭಾನುವಾರದವರೆಗೆ ಪೂರ್ತಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಖಡೂಸ್ ಆಹೇ" ಅಂದರು. ಮುಂಬೈ ಕ್ರಿಕೆಟ್ಟಿನಲ್ಲಿ ಅದಕ್ಕಿಂತ ದೊಡ್ಡ ಬಿರುದಿಲ್ಲ. ಹಟಮಾರಿ, ಬಗ್ಗದವನು, ವಿಕೆಟ್ ಸುಮ್ಮನೆ ಕೊಡದವನು ಅಂತ ಅರ್ಥ. ಹೊರಗಿನವರಿಗೆ ಅವರು ಅದನ್ನು ಸುಲಭಕ್ಕೆ ಕೊಡುವುದಿಲ್ಲ. ಆಮೇಲೆ ತಮ್ಮ ವೋಚರ್ ತೆಗೆದು, "ನಾನೂ ಒಬ್ಬನನ್ನು ಬದಲಾಯಿಸಬೇಕು" ಅಂತ ಗೊಣಗಿದರು. 2024ರವರೆಗೆ 42 ಟ್ರೋಫಿ ಗೆದ್ದವರಿಗೆ ಶಟರ್ ಎತ್ತಿದವರು ಎಷ್ಟು ಜನವೋ!

ಹನ್ನೆರಡನೆಯವನನ್ನು ಆರಿಸುವ ಹಕ್ಕನ್ನು ಮಗನಿಗೆ ಕೊಟ್ಟೆ, ಪ್ರಶ್ನೆ ಕೇಳಿದ್ದಕ್ಕೆ ಬಹುಮಾನವಾಗಿ. ಅವನು ಎರಡು ದಿನ ಹುಡುಕಿ ಬುಧಿ ಕುಂದರನ್ ಹೆಸರು ತಂದ. ಮುಲ್ಕಿಯಲ್ಲಿ ಹುಟ್ಟಿ ಮುಂಬೈನಲ್ಲಿ ಬೆಳೆದವರು. 1960ರಲ್ಲಿ ಒಂದೂ ರಣಜಿ ಪಂದ್ಯ ಆಡುವ ಮೊದಲೇ ಮುಂಬೈನಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್ ಆಡಿದವರು, ಅದೂ ನರೇನ್ ತಾಮ್ಹಾನೆ ಅವರಿಂದ ಎರವಲು ಪಡೆದ ಗ್ಲೌಸ್ ಹಾಕಿಕೊಂಡು. ಮೊದಲ ರಣಜಿ ಪಂದ್ಯದಲ್ಲಿ ರೈಲ್ವೇಸ್ ಪರ 205. 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192. ಆಮೇಲೆ ಮೈಸೂರಿಗೆ ಆಡಿ, ಸ್ಕಾಟ್ಲೆಂಡಿಗೆ ಹೋಗಿ ನೆಲೆಸಿ, 2006ರಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡರು.

"ಇವರು ಯಾಕೋ?" ಅಂತ ಕೇಳಿದೆ.

"ನಮ್ಮ ಹಾಗೇ ಅಲ್ವಾ ಅಪ್ಪಾ" ಅಂದ.

ಪಟ್ಟಿಯಲ್ಲಿ ಆ ಹೆಸರನ್ನು ಅವನ ಕೈಯಲ್ಲೇ ಬರೆಸಿದೆ. ಅವನ ಕನ್ನಡ ಅಕ್ಷರ ಸ್ವಲ್ಪ ಸೊಟ್ಟ. ಇರಲಿ, ಓದಲು ಬರುತ್ತದೆ.